ಕಂಪ್ಯೂಟರಿನಲ್ಲಿ ಮಾತಾಡಲು ಬಂದವರು

“ಮೇಡಂ, ಕಂಪ್ಯೂಟರಲ್ಲಿ ಮಾತಾಡಕ್ಕೆ ಬಂದಿದೀನಿ” ಎಂದರು ಗೇಟಿನ ಬಳಿ ನಿಂತಿದ್ದ ಅಪರಿಚಿತರೊಬ್ಬರು. ಭದ್ರಾವತಿಯ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ, ಬಸ್ಸು ಹಿಡಿದು ನೇರವಾಗಿ ವಿದ್ಯಾನಗರದ ನಮ್ಮ ಮನೆಗೆ ಬಂದಿದ್ದರು. ಮಗನ ಪ್ರೈಮರಿ ಶಾಲೆಯ ಪೋಷಕರು ಇಂಟರ್‌ನೆಟ್‌ನಲ್ಲಿ ಚರ್ಚಿಸಲೆಂದು ನಾನೊಂದು ಇ-ಮೇಲ್ ಗುಂಪು ತೆರೆದು, ಶಾಲೆಯ ನೋಟಿಸ್ ಬೋರ್ಡಿನಲ್ಲಿ ಚೀಟಿ ಹಾಕಿಸಿದ್ದೆ. ಕೆಳಗೆ ನಮ್ಮ ಮನೆಯ ವಿಳಾಸವಿತ್ತು. ಅವರಿಗೆ ಅರ್ಥವಾದದ್ದು ಅದೊಂದೇ.

ಗುಂಪಿನಲ್ಲಿ ಹದಿನಾಲ್ಕು ಜನರಿದ್ದರು. ಒಬ್ಬರೂ ಒಂದಕ್ಷರ ಬರೆದಿರಲಿಲ್ಲ. ಬಂದವರು ಒಳಗೆ ಬಂದು ಮಾನಿಟರಿಗೆ ಕೈಮುಗಿದು ಕುಳಿತರು. ನೀವು ಹೇಳಿ, ನಾನು ಟೈಪ್ ಮಾಡುತ್ತೇನೆ ಎಂದೆ.

“ನನ್ ಮಗಳು ಎರಡನೇ ಕ್ಲಾಸು. ಮಾತಾಡೋವಾಗ ತೊದಲ್ತಾಳೆ. ಮಕ್ಕಳು ಅವಳ ಥರಾನೇ ಮಾತಾಡಿ ನಗ್ತಾರಂತೆ. ಈಗ ಸ್ಕೂಲಲ್ಲಿ ಬಾಯೇ ಬಿಡಲ್ಲ. ನಿಮ್ ನಿಮ್ ಮಕ್ಕಳಿಗೆ ಸ್ವಲ್ಪ ಹೇಳಿ.”

ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯುತ್ತಿದ್ದ ನನ್ನ ಕೈ ನಿಂತಿತು. ನನ್ನ ಮಗನದೂ ಅದೇ ಕ್ಲಾಸು. ಹಿಂದಿನ ವಾರ ಊಟಕ್ಕೆ ಕೂತಾಗ ಆ ಹುಡುಗಿಯಂತೆ ಮಾತಾಡಿ ತೋರಿಸಿದ್ದ. ನಾನು ನಕ್ಕು, ಇನ್ನೊಮ್ಮೆ ಮಾಡು ಎಂದಿದ್ದೆ.

“ಯಾಕ್ ಮೇಡಂ, ಮಿಷನ್ ನಿಂತೋಯ್ತಾ?” ಎಂದರು. ಇಲ್ಲ ಎಂದು ಉಳಿದದ್ದನ್ನೂ ಹೊಡೆದು ಕಳಿಸಿದೆ.

ಅವರು ಹೋದ ಮೇಲೆ ಮಗನನ್ನು ಕರೆದು ಗದರಿದೆ. “ನೀನೂ ನಕ್ಕಿದ್ದೆ ಅಲ್ವಾ ಅಮ್ಮ?” ಎಂದ. ಗುಂಪಿನ ಎರಡನೇ ಪತ್ರವನ್ನು ನಾನೇ ಬರೆದೆ: ನಕ್ಕವರಲ್ಲಿ ನನ್ನ ಮಗನಿದ್ದಾನೆ, ನಾನೂ ಇದ್ದೇನೆ. ವಾರದೊಳಗೆ ಇನ್ನೂ ನಾಲ್ವರು ‘ನಾವೂ’ ಎಂದು ಬರೆದರು. ಚರ್ಚೆ ಶುರುವಾಯಿತು.