ಗುಡ್ಡದ ಮೇಲಿನ ಹಸಿ ಅಂಗಳ

ಠಣ್, ಠಣ್, ಠಣ್. ರೈಲು ಕಂಬಿಯ ತುಂಡೊಂದನ್ನು ಮರಕ್ಕೆ ನೇತುಹಾಕಿ ಸುತ್ತಿಗೆಯಿಂದ ಬಡಿಯುತ್ತಿದ್ದ ಸದ್ದು ಅದು. ಬಂಡೆ ಸಿಡಿಸುವ ಮೊದಲು ಎಲ್ಲರೂ ದೂರ ಸರಿಯಲಿ ಎಂದು ಸಂಡೂರಿನ ಕಡೆಯ ಗುಡ್ಡದ ಮ್ಯಾಂಗನೀಸ್ ಕ್ಯಾಂಪಿನಲ್ಲಿ ಹಾಗೆ ಬಡಿಯುತ್ತಿದ್ದರು. ಅಪ್ಪ ಡಾಕ್ಟರು, ವಾರಕ್ಕೊಮ್ಮೆ ಬಳ್ಳಾರಿಯಿಂದ ಜೀಪಿನಲ್ಲಿ ಅಲ್ಲಿಯ ಡಿಸ್ಪೆನ್ಸರಿಗೆ ಹೋಗುತ್ತಿದ್ದರು. ಶಾಲೆಗೆ ರಜೆಯಿದ್ದರೆ ನಾನೂ ಜೊತೆಗೆ. ಆ ಸದ್ದು ಕೇಳಿದ ಕೂಡಲೇ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದೆ.

ದೆವ್ವ, ಭೂತ, ಶಕುನ ಯಾವುದನ್ನೂ ನಾನು ನಂಬಿದವಳಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಅದೆಲ್ಲ ಸೂಪರ್‌ಸ್ಟಿಷನ್ ಎಂದು ಕಲಿಸಿದ್ದರು. ಮನೆಯಲ್ಲಿ ಅಪ್ಪ ‘ನಾನ್‌ಸೆನ್ಸ್’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಮುಂದೆ ನಾನೇ ಸೈನ್ಸ್ ಟೀಚರಾದೆ. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಅರವತ್ತರ ದಶಕದಲ್ಲಿ ಅದಿರು ಮುಗಿದು ಕ್ಯಾಂಪು ಮುಚ್ಚಿತು. ಜನ ಇಳಿದು ಹೋಗುವಾಗ ತಗಡು, ಬಾಗಿಲು, ಚೌಕಟ್ಟು ಎಲ್ಲವನ್ನೂ ಕಿತ್ತುಕೊಂಡು ಹೋದರು. ಅಲ್ಲಿದ್ದ ಹುಲಿಗೆಮ್ಮ ಪುಟ್ಟ ಮಗಳು ಪಾರ್ವತಿಯ ಕೈ ಹಿಡಿದುಕೊಂಡು ನಮ್ಮ ಮನೆಗೆ ಅಡುಗೆ ಕೆಲಸಕ್ಕೆ ಬಂದಳು. ಅವಳ ಗಂಡ ಈರಣ್ಣ, ಕಂಪನಿಯವರು ಬಿಟ್ಟುಹೋದ ಮಿಷನ್ನು ಕಾಯಲು ಮೇಲೆಯೇ ಉಳಿದ. ಲಾರಿ ಬಂದು ಮಿಷನ್ನು ಒಯ್ದ ದಿನ ಅವನು ಅಲ್ಲಿರಲಿಲ್ಲ. ಆಮೇಲೂ ಯಾರ ಕಣ್ಣಿಗೂ ಬೀಳಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಪಾರ್ವತಿಗೆ ಕುರುಗೋಡಿನ ಸಂಬಂಧ ಗಟ್ಟಿಯಾಯಿತು. ಆಗ ಈರಣ್ಣನ ಅಣ್ಣ ರಾರಾವಿಯಿಂದ ಬಂದು, ನಮ್ಮ ಹಿತ್ತಲ ಕಟ್ಟೆಯ ಮೇಲೆ ಕುಳಿತು ಖಡಾಖಂಡಿತವಾಗಿ ಹೇಳಿದ: “ನೋಡವಾ, ಇಷ್ಟ್ ವರ್ಷ ಆತು. ಅವ ಅದಾನಂದ್ರ ತೋರ್ಸು. ಇಲ್ಲಂದ್ರ ತಾಳಿ ತಗದು ಅವನ ಕರ್ಮ ಮುಗಿಸೋಣು. ಬೀಗರು ಕೇಳಿದ್ರ ನಾ ಏನಂತ ಹೇಳ್ಲಿ?”

ಕರ್ಮ ಮುಗಿಸಿದರೆ ಹುಲಿಗೆಮ್ಮ ಮಗಳ ಮದುವೆಯಲ್ಲಿ ಅರಿಶಿನ ಮುಟ್ಟುವಂತಿಲ್ಲ, ಆರತಿ ಎತ್ತುವಂತಿಲ್ಲ. ಮೂಲೆ ಹಿಡಿದು ಕೂರಬೇಕು. ಅವಳು ಅಳಲಿಲ್ಲ. “ಒಂದ್ಸಲ ಮ್ಯಾಲ ಹೋಗಿ ಬರ್ತೀನಿ, ಬಾವಾರ. ಆಮ್ಯಾಗ ನೀವು ಹೇಳ್ದಂಗ” ಎಂದಳು.

ಅವಳ ಜೊತೆಗೆ ಅಪ್ಪ, ಅಷ್ಟರಲ್ಲಿ ಟೀಚರಾಗಿದ್ದ ನನ್ನನ್ನೂ ಡ್ರೈವರ್ ಹುಸೇನ್ ಸಾಬರನ್ನೂ ಕಳಿಸಿದರು. ಭಾನುವಾರ, ಒಳ್ಳೆ ಬಿಸಿಲು. ಗುಡ್ಡದ ದಾರಿ ತುಂಬ ಕೆಂಪು ಧೂಳು, ಎರಡೂ ಕಡೆ ಸೀತಾಫಲದ ಗಿಡ. ಹುಸೇನ್ ಸಾಬರು ಜೀಪನ್ನು ಒಮ್ಮೆ ಬೈಯುತ್ತ, ಒಮ್ಮೆ ರಮಿಸುತ್ತ ಹತ್ತಿಸಿದರು.

ಮೇಲೆ ಚಾವಣಿಯಿಲ್ಲದ ಮನೆಗಳು ಸಾಲಾಗಿ ನಿಂತಿದ್ದವು. ಡಿಸ್ಪೆನ್ಸರಿಯೊಳಗೆ ಹುಣಸೆ ಸಸಿಯೊಂದು ಬೆಳೆದಿತ್ತು. ನೀರಿನ ಟ್ಯಾಂಕು ಸೀಳಿಹೋಗಿತ್ತು, ಒಳಗೆ ಬರೀ ಒಣ ಎಲೆ. ಅಲ್ಲಿ ಮೊದಲೂ ನೀರಿರಲಿಲ್ಲ. ಕೆಳಗಿನಿಂದ ಲಾರಿಯಲ್ಲಿ ಬರಬೇಕಿತ್ತು. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಲಿಲ್ಲ. ಮ್ಯೂಸಿಯಂ ನೋಡಲು ಬಂದ ಹುಡುಗಿಯ ಹಾಗೆ ಒಂದೊಂದೇ ಮನೆಯೊಳಗೆ ಇಣುಕುತ್ತ ನಡೆದೆ.

ಹುಲಿಗೆಮ್ಮ ಅತ್ತಿತ್ತ ನೋಡದೆ ಸಾಲಿನ ಕೊನೆಯಲ್ಲಿದ್ದ ತನ್ನ ಮನೆಯ ಮುಂದೆ ಹೋಗಿ ನಿಂತುಬಿಟ್ಟಳು. ಅಂಗಳ ಸಾರಿಸಿತ್ತು. ಸಗಣಿ ಇನ್ನೂ ಹಸಿ. ಬೆರಳಿಟ್ಟು ನೋಡಿದೆ, ಅಂಟಿತು. ಅದರ ಮೇಲೆ ರಂಗೋಲಿ: ನಡುವೆ ತಾವರೆ, ನಾಲ್ಕೂ ಮೂಲೆಗೆ ಬಳ್ಳಿ. ನಮ್ಮ ಗೇಟಿನ ಮುಂದೆ ಹುಲಿಗೆಮ್ಮ ದಿನಾ ಹಾಕುತ್ತಿದ್ದಳಲ್ಲ, ಅದೇ ರಂಗೋಲಿ. ಸುತ್ತಲಿನ ಧೂಳಿನಲ್ಲಿ ನಮ್ಮ ಹೆಜ್ಜೆ ಬಿಟ್ಟರೆ ಇನ್ನೊಂದು ಹೆಜ್ಜೆಯ ಗುರುತಿರಲಿಲ್ಲ.

ಕುರಿ ಕಾಯುವವರು ಯಾರಾದರೂ ಇರಬಹುದೆಂದು ಕೂಗಿ ನೋಡಿದೆ. ಒಳಗೆ ಹೋದೆ: ಒಲೆಯಲ್ಲಿ ಬೂದಿಯಿಲ್ಲ, ನೆಲದ ತುಂಬ ಮುಳ್ಳು. ದನದ ಗೊರಸಿನ ಗುರುತು ಹುಡುಕಿಕೊಂಡು ಟ್ಯಾಂಕಿನವರೆಗೂ ಹೋಗಿ ಬಂದೆ. ಏನೂ ಇಲ್ಲ. ಹುಸೇನ್ ಸಾಬರ ಲೆಕ್ಕದಲ್ಲಿ ನಾನಿನ್ನೂ ಮಗು. ಅವರು ಜೀಪಿನ ಹತ್ತಿರ ನಿಂತೇ, “ಬೇಬಿಯಮ್ಮಾ, ಪರೀಕ್ಷಾ ಸಾಕ್ರಿ! ಇಲ್ಲಿ ಪಾಸ್ ಮಾಡಾಕ ಯಾರೂ ಇಲ್ಲ, ಜಲ್ದಿ ಬರ್ರಿ” ಎಂದು ಕೂಗುತ್ತಿದ್ದರು.

ಹುಲಿಗೆಮ್ಮ ಮಾತ್ರ ರಂಗೋಲಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು ನಗುತ್ತಿದ್ದಳು.

“ಎಳಿ ದಪ್ಪ ಐತಿ ನೋಡ್ರಿ, ಅಕ್ಕಾರ. ಅವರ ಕೈ ಇದು. ಪಾರಿ ಹುಟ್ಟಿದಾಗ ನಾ ಬಾಣಂತಿ. ಅಂಗಳ ಬಣಬಣ ಅನ್ನಬಾರ್ದಂತ ಅವರ ಹಾಕ್ತಿದ್ರು. ಈ ಮನಿ ಲೈನಿನ ಗಂಡಸ್ರೆಲ್ಲ ‘ಏನಲೇ ಈರಣ್ಣ, ಬಳಿ ತೊಡಸ್ಲೇನು?’ ಅಂತ ಕಾಡ್ಸೋರು.”

“ಯಾರೋ ಬ್ಯಾರೆಯವರು ಹಾಕಿರಬಹುದಲ್ಲ, ಹುಲಿಗೆಮ್ಮಾ?”

“ಯಾರ್ರೀ? ನೀವ ಹುಡುಕಿ ಬಂದ್ರೆಲ್ಲ.”

ಮರುದಿನ ಈರಣ್ಣನ ಅಣ್ಣ ಅವಳ ಮಾತು ಕೇಳಿ ತಲೆಯಾಡಿಸಿದ. “ಆಸಿಗೆ ಏನ್ ಬೇಕಾರ ಕಾಣ್ತೈತವಾ” ಎಂದವನೇ ನನ್ನ ಕಡೆ ತಿರುಗಿದ. “ನೀವು ಇಂಗ್ಲಿಷ್ ಕಲತೋರು. ನೀವು ಹೇಳ್ರಿ ಅಕ್ಕಾರ, ಇತ್ತೇನು?”

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಈರಣ್ಣ ಬದುಕಿದ್ದಾನೆಂದು ನಾನು ಹೇಗೆ ಹೇಳಲಿ? ಇಲ್ಲವೆಂದಾದರೂ ಹೇಗೆ ಹೇಳಲಿ? ಕಂಡಷ್ಟನ್ನೇ ಹೇಳಿದೆ: ಅಂಗಳ ಹಸಿಯಿತ್ತು, ರಂಗೋಲಿ ಇತ್ತು, ಹೆಜ್ಜೆ ಇರಲಿಲ್ಲ. ಅವನು ಹೆಜ್ಜೆಯ ಮಾತನ್ನು ಎರಡೆರಡು ಸಲ ಹೇಳಿಸಿದ. ಕೊನೆಗೆ, “ಸತ್ತೋರ ಮನಿ ಮುಂದ ಯಾರೂ ರಂಗೋಲಿ ಹಾಕಂಗಿಲ್ಲ. ಹಾಕ್ಯಾರಂದ್ರ ಅವ ಅದಾನ” ಎಂದು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದ. ಕುರುಗೋಡಿನ ಮದುವೆಯಲ್ಲಿ ಹುಲಿಗೆಮ್ಮನೇ ಮಗಳಿಗೆ ಅರಿಶಿನ ಹಚ್ಚಿದಳು, ಆರತಿ ಎತ್ತಿದಳು.

ಇಷ್ಟು ವರ್ಷಗಳಲ್ಲಿ ಎಷ್ಟೋ ಎಕ್ಸ್‌ಪ್ಲನೇಷನ್ ಹುಡುಕಿದ್ದೇನೆ. ಈರಣ್ಣ ಅಲ್ಲೇ ಎಲ್ಲೋ ಅಡಗಿದ್ದನೆಂದರೆ, ಹೆಂಡತಿಯನ್ನು ಕಂಡೂ ಯಾಕೆ ಹೊರಗೆ ಬರಲಿಲ್ಲ? ಬೇರೆ ಯಾರೋ ಎಂದರೆ, ಆ ತಾವರೆ ಅವರಿಗೆ ಹೇಗೆ ಗೊತ್ತು? ಅಪ್ಪ ಕೊನೆಯವರೆಗೂ ‘ಕುರಿಯವರು’ ಎಂದೇ ಹೇಳಿದರು. ಆದರೆ ಈ ಒಂದು ವಿಷಯಕ್ಕೆ ಮಾತ್ರ ‘ನಾನ್‌ಸೆನ್ಸ್’ ಎನ್ನಲಿಲ್ಲ.

ಮದುವೆಯ ಗದ್ದಲ ಮುಗಿದ ಮೇಲೆ ಹುಲಿಗೆಮ್ಮ ಊರಿಗೆ, ರಾರಾವಿಗೆ ಹೋಗುತ್ತೇನೆಂದು ನಮ್ಮ ಮನೆ ಬಿಟ್ಟಳು. ಅದೇ ದಿನ ಏನೋ ಕೆಲಸಕ್ಕೆ ಬಸ್ ಸ್ಟ್ಯಾಂಡಿನ ಕಡೆ ಹೋದಾಗ ಅವಳು ಕಂಡಳು. ರಾರಾವಿಗೆ ಹೋಗುವ ಸಿರುಗುಪ್ಪದ ಬಸ್ಸು ಆಚೆ ಖಾಲಿ ನಿಂತಿತ್ತು. ಅವಳು ಸಂಡೂರಿನ ಬಸ್ಸಿನ ಕಿಟಕಿಯ ಪಕ್ಕ, ತೊಡೆಯ ಮೇಲೆ ಕೊಡ ಇಟ್ಟುಕೊಂಡು ಕುಳಿತಿದ್ದಳು. ಕೊಡದ ಬಾಯಿಗೆ ಬಟ್ಟೆ ಬಿಗಿದಿತ್ತು, ನೀರು ತುಳುಕಿ ಅವಳ ಸೀರೆ ನೆನೆದಿತ್ತು.

“ಇದೇನು ಹುಲಿಗೆಮ್ಮಾ, ನೀರು ಹೊತ್ಕೊಂಡು?” ಎಂದೆ.

“ಮ್ಯಾಲ ನೀರಿಲ್ಲಲ್ರಿ, ಅಕ್ಕಾರ” ಎಂದಳು, ಅಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ. “ಅವರೊಬ್ರ ಎಷ್ಟಂತ ಹೊತ್ತಾರು?”

ಕಂಡಕ್ಟರ್ ಸೀಟಿ ಊದಿದ. ನಾನು ಅವಳನ್ನು ನೋಡಿದ್ದು ಅದೇ ಕೊನೆ.