ಗೋಡೆಗೆ ತೂಗಿದ ರೊಟ್ಟಿ

ಓಶ್ ಪಟ್ಟಣದಲ್ಲಿ ನಮ್ಮ ನೆರೆಮನೆಯ ಇಸ್ಮತುಲ್ಲಾ ಅವರಿಗೆ ಆ ವಸಂತದಲ್ಲಿ ಎಪ್ಪತ್ತು ತುಂಬಿತ್ತು. ಪ್ರತಿ ವರ್ಷ ತಾವು ದಾಟಿಹೋಗುತ್ತಿದ್ದ ತಾಲ್ದಿಕ್ ಕಣಿವೆದಾರಿಯ ಹಿಮ ಕರಗಿತೆಂಬ ಸುದ್ದಿ ಬಂದಂದಿನಿಂದ ಅವರು ಕುಳಿತಲ್ಲಿ ಕೂರುತ್ತಿರಲಿಲ್ಲ. ಅಂಗಳದಲ್ಲಿದ್ದ ಹಳೆಯ ಮೋಟಾರ್ ಸೈಕಲ್ಲಿನ ಎಣ್ಣೆ ಬದಲಿಸುವರು, ನಿನ್ನೆ ಬಿಗಿದ ತಿರುಪನ್ನೇ ಇಂದು ಮತ್ತೆ ಬಿಗಿಯುವರು. ಹೊರಡಲು ಮಾತ್ರ ಆಗುತ್ತಿರಲಿಲ್ಲ. ನಮ್ಮಲ್ಲಿ ದೂರ ಹೋಗುವವರು ಮನೆಯ ರೊಟ್ಟಿಯನ್ನು ಒಂದು ತುತ್ತು ಕಚ್ಚಿ ಹೋಗಬೇಕು. ಉಳಿದದ್ದು ಅವರು ಮರಳುವ ತನಕ ಗೋಡೆಯ ಮೇಲೆ ತೂಗುತ್ತದೆ. ಆ ವರ್ಷ ಅವರ ಹೆಂಡತಿ ಹೋಸಿಯತ್ ರೊಟ್ಟಿ ಕೊಡಲು ಒಪ್ಪಲಿಲ್ಲ.

“ಬಜಾರಿನಿಂದ ತರ್ತೀನಿ ಬಿಡು.”

“ತನ್ನಿ. ಬಜಾರಿನ ರೊಟ್ಟಿ ಕಚ್ಚಿದೋರು ಬಜಾರಿಗೇ ವಾಪಸ್ ಬರ್ತಾರೆ, ಮನೆಗಲ್ಲ.”

“ಹಾಗಾದ್ರೆ ನಾನು ಹೋಗೋದೇ ಬೇಡ್ವಾ?”

“ಮೂವತ್ತು ವರ್ಷ ಆ ತೂಗೋ ರೊಟ್ಟಿ ನೋಡ್ಕೊಂಡು ಕೂತಿದ್ದೀನಿ. ಇನ್ನು ನನ್ನ ಕೈಲಾಗಲ್ಲ.”

ಇಸ್ಮತುಲ್ಲಾ ಸಂಜೆ ಮೋಟಾರ್ ಸೈಕಲ್ಲಿನ ಪಕ್ಕಕ್ಕೆ ಜೋಡಿಸಿದ್ದ ಸೈಡ್‌ಕಾರಿನಲ್ಲಿದ್ದ ಸಾಮಾನುಗಳನ್ನೆಲ್ಲ ತೆಗೆದು, ಅದರೊಳಗೆ ಮನೆಯ ಹೊಸ ಕೌದಿಯನ್ನು ಹಾಸಿದರು. ಹೋಸಿಯತ್ ಅದನ್ನು ನೋಡಿ ಒಳಗೆ ಹೋದರು.

ಮರುದಿನ ಬೆಳಗ್ಗೆ ಅವರ ಒಲೆಯಿಂದ ರೊಟ್ಟಿಯ ವಾಸನೆ ಬಂತು. ಎರಡು ಕಡೆ ಕಚ್ಚಿದ ರೊಟ್ಟಿಯೊಂದನ್ನು ಹೋಸಿಯತ್ ಎರಡು ಮನೆಗಳ ನಡುವಿನ ಗೋಡೆಯ ಮೇಲಿಂದ ನನಗೆ ನೀಡಿದರು.

“ಮೇಷ್ಟ್ರೇ, ನಮ್ಮನೇಲಿ ಇನ್ನು ಕಾಯೋರಿಲ್ಲ. ನೀವೇ ತೂಗ್ಹಾಕಿ. ಇಲಿ ಮುಟ್ಟದ ಹಾಗೆ ನೋಡ್ಕೊಳ್ಳಿ.”

ಅವರಿಬ್ಬರೂ ಮರಳುವ ತನಕ ನಾನೂ ಕುಳಿತಲ್ಲಿ ಕೂರಲಿಲ್ಲ.