ಹೊರುವವರಿಗೆ ಬೇರೆ ಕೆಲಸ

ಕೆಲವು ವರ್ಷ ಈ ಪರದೇಶದಲ್ಲಿ ನಮ್ಮ ಕನ್ನಡ ಕ್ರೈಸ್ತ ಸಭೆ ನನ್ನ ಮಿನಿವ್ಯಾನಿನ ಹಿಂಭಾಗದಲ್ಲಿ ವಾಸವಾಗಿತ್ತು. ಮರದ ಶಿಲುಬೆ, ಪೀಠದ ಬಿಳಿ ಬಟ್ಟೆ, ಸಂಸ್ಕಾರದ ದ್ರಾಕ್ಷಾರಸಕ್ಕೆ ಪುಟ್ಟ ಲೋಟಗಳ ತಟ್ಟೆ, ಕೀಬೋರ್ಡು, ಸಂಗೀತ ಪುಸ್ತಕಗಳ ಡಬ್ಬಗಳು. ಭಾನುವಾರ ಓಕ್‌ವಿಲ್‌ನ ನಮ್ಮ ಮನೆಯಿಂದ ಸ್ಟ್ರೀಟ್ಸ್‌ವಿಲ್‌ನ ಒಂದು ಶಾಲೆಯ ಜಿಮ್ಮಿಗೆ ಇವನ್ನೆಲ್ಲ ಒಯ್ಯುವುದು, ಬಾಸ್ಕೆಟ್‌ಬಾಲಿನ ಬುಟ್ಟಿಯ ಕೆಳಗೆ ಶಿಲುಬೆ ನಿಲ್ಲಿಸುವುದು, ಕೊನೆಯ ಆಮೆನ್ ಆದದ್ದೇ ತಡ ಎಲ್ಲರೂ ಸೇರಿ ಬಿಚ್ಚುವುದು. ಮಧ್ಯಾಹ್ನ ಅಲ್ಲಿ ವಾಲಿಬಾಲಿನವರು ಬರುತ್ತಿದ್ದರು. ಹುಡುಗರು ಕುರ್ಚಿ ಮಡಚುವವರು, ಹೆಂಗಸರು ಬಟ್ಟೆ ಮಡಚುವವರು, ನಾನು ಹೊರುವವನು. ಯಾರೂ ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ.

ನನಗೆ ಶನಿವಾರವೇ ಚಿಂತೆ ಶುರು. ಚಳಿಗೆ ಬ್ಯಾಟರಿ ಕೂತರೆ? ಹೈವೇ ಮೇಲೆ ಟೈರು ಕೈಕೊಟ್ಟರೆ? ಇಡೀ ಸಭೆ ಬುಟ್ಟಿ ನೋಡುತ್ತಾ ನಿಲ್ಲಬೇಕಲ್ಲ. ಲೋಟಗಳ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತ ನನ್ನ ಹೆಂಡತಿ, ನೀವು ದೇವರನ್ನ ಕರ್ಕೊಂಡು ಹೋಗ್ತಿಲ್ಲ ರೀ, ಸಾಮಾನು ತಗೊಂಡು ಹೋಗ್ತಿದ್ದೀರಿ, ಎಂದು ಸಮಾಧಾನ ಮಾಡುತ್ತಿದ್ದಳು. ಸೊಂಟ ನೋವು, ಪೆಟ್ರೋಲು, ಬೂಟಿನ ತುಂಬ ಹಿಮ ಎಂದು ನಾನು ಗೊಣಗದ ವಾರವಿಲ್ಲ.

೨೦೧೮ರಲ್ಲಿ ನಮಗೆ ಒಂದು ಕಟ್ಟಡ ಸಿಕ್ಕಿತು. ಕ್ವೀನ್ ಸ್ಟ್ರೀಟಿನಿಂದ ಸ್ವಲ್ಪ ಒಳಗೆ, ಚಿಕ್ಕ ಹಳೇ ಚರ್ಚು. ಅದರ ಸಭೆಯವರು ಇನ್ನೊಂದು ಸಭೆಯ ಜೊತೆ ಸೇರಿಕೊಂಡು ಇದನ್ನು ನಮಗೆ ಬಿಟ್ಟುಕೊಟ್ಟಿದ್ದರು. ಸುದ್ದಿ ಕೇಳಿ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಆದರೆ ಅರ್ಧದಲ್ಲೇ ನಿಲ್ಲಿಸಿದೆ. ಇನ್ನು ವ್ಯಾನು ಬೇಡ. ವ್ಯಾನು ಬೇಡವಾದ ಮೇಲೆ ನಾನು ಯಾತಕ್ಕೆ? ಹಾಡು ಬರುವುದಿಲ್ಲ. ಪ್ರಾರ್ಥನೆ ಮಾಡಲು ನಿಂತರೆ ಮಧ್ಯದಲ್ಲಿ ಮಾತು ಮರೆಯುತ್ತದೆ. ನನ್ನಿಂದ ಆಗುತ್ತಿದ್ದದ್ದು ಹೊರುವುದೊಂದೇ.

ಇಂಥ ಹೊತ್ತಲ್ಲಿ ನಮ್ಮ ಅಯ್ಯನವರು, ಅಂದರೆ ಪಾಸ್ಟರು, ಹೊಸ ಕಟ್ಟಡದ ಮೊದಲ ಭಾನುವಾರ ನಾನೇ ಎರಡು ಮಾತಾಡಬೇಕು ಎಂದರು. ಬೈಬಲಿನಲ್ಲಿ ಇಸ್ರಾಯೇಲರ ಆರಾಧನೆಯ ಗುಡಾರ ಹೇಗೆ ದೇವಾಲಯವಾಯಿತು ಎಂಬುದು ವಿಷಯ. ವರ್ಷಗಟ್ಟಲೆ ಗುಡಾರ ಹೊತ್ತವರು ನೀವೇ ತಾನೇ, ಎಂದು ನಕ್ಕರು.

ಓದುತ್ತಾ ಹೋದಂತೆ ಭಯ ಹೆಚ್ಚಾಯಿತು. ಅರಣ್ಯದಲ್ಲಿ ಅವರ ಗುಡಾರದ ಪ್ರತಿಯೊಂದೂ ಬಿಚ್ಚಿ ಕಟ್ಟುವಂಥದ್ದು: ಚೌಕಟ್ಟು, ಪರದೆ, ಗೂಟ, ಹಗ್ಗ. ಯಾವ ಮನೆತನದವರು ಯಾವುದನ್ನು ಹೊರಬೇಕು ಎಂಬುದೂ ಗೊತ್ತುಮಾಡಿದ್ದು. ದೇವರ ಆಜ್ಞೆಯ ಕಲ್ಲುಗಳಿದ್ದ ಪೆಟ್ಟಿಗೆ, ಮಂಜೂಷವನ್ನಂತೂ ಹೆಗಲ ಮೇಲೇ ಒಯ್ಯಬೇಕು. ಒಮ್ಮೆ ಗಾಡಿಯಲ್ಲಿ ಹೇರಿಕೊಂಡು ಹೋದಾಗ ಎತ್ತು ಎಡವಿ, ಹಿಡಿಯಲು ಕೈ ಚಾಚಿದವನು ಅಲ್ಲೇ ಸತ್ತ. ಅದನ್ನು ಓದಿದ ಮೇಲೆ ನಾನು ತಿರುವಿನಲ್ಲಿ ವ್ಯಾನನ್ನು ಇನ್ನೂ ನಿಧಾನ ಮಾಡಿದೆ. ಆಮೇಲೆ ಒಬ್ಬ ರಾಜನಿಗೆ, ತಾನು ದೇವದಾರಿನ ಮನೆಯಲ್ಲಿದ್ದು ದೇವರು ಗುಡಾರದಲ್ಲಿರುವುದು ಸರಿಯೇ ಎಂಬ ಕಸಿವಿಸಿ. ಅವನ ಕಾಲಕ್ಕೆ ಆಗದೆ, ಮಗನ ಕಾಲಕ್ಕೆ ಕಲ್ಲಿನ ಆಲಯ ಎದ್ದಿತು. ಉದ್ದ ಅಗಲ ಎರಡೂ ಗುಡಾರದ ಎರಡರಷ್ಟು. ಇಷ್ಟನ್ನು ಬರೆದುಕೊಂಡೆ. ಹೊತ್ತವರ ಬಗ್ಗೆ ಒಂದು ಸಾಲಿತ್ತು, ಅದನ್ನು ಬೇಕೆಂದೇ ಬಿಟ್ಟೆ.

ಭಾನುವಾರ ಹೇಗೋ ಮಾತು ಮುಗಿಸಿ ಕೂರಬೇಕು ಅನ್ನುವಷ್ಟರಲ್ಲಿ ಮುಂದಿನ ಸಾಲಿನಿಂದ ದೊಡ್ಡಮ್ಮ ಕೈ ಎತ್ತಿದರು. ಧಾರವಾಡದವರು, ಇಡೀ ಸಭೆಗೇ ದೊಡ್ಡಮ್ಮ.

"ಎಲ್ಲಾ ಚೊಲೋ ಹೇಳಿದಿ ತಮ್ಮಾ. ಗುಡಿ ಕಟ್ಟಿದ ಮ್ಯಾಲೆ ಆ ಹೊರಾವರ ಗತಿ ಏನಾತು?"

ಎಲ್ಲರೂ ನನ್ನನ್ನೇ ನೋಡಿದರು. ಅವರಿಗೆ ಇನ್ನು ಹೊರುವ ಕೆಲಸವಿಲ್ಲ ಎಂದು ಮೊದಲಿನ ರಾಜನೇ ಹೇಳಿದ್ದ, ಕೆಲವರನ್ನು ಹಾಡುವುದಕ್ಕೆ, ಕೆಲವರನ್ನು ಬಾಗಿಲು ಕಾಯುವುದಕ್ಕೆ ಹಾಕಿದ್ದ, ಎಂದೆ.

ಅಯ್ಯನವರು ನನ್ನ ಹಾಡು ಕೇಳಿದವರು. ತಡಮಾಡಲಿಲ್ಲ. "ಹಾಗಾದ್ರೆ ನೀವು ಬಾಗಿಲು ನೋಡ್ಕೊಳ್ಳಿ," ಎಂದು ಜೇಬಿನಿಂದ ಬೀಗದ ಕೈ ತೆಗೆದು ಕೊಟ್ಟೇಬಿಟ್ಟರು. ಎಲ್ಲರೂ ನಕ್ಕರು. ನನಗೆ ಅದು ಕರುಣೆಯೋ ಕೆಲಸವೋ ತಿಳಿಯಲಿಲ್ಲ.

ಬಿರಿಯಾನಿ, ಕೇಸರಿಬಾತು ಆಯಿತು. ಕಾಗದದ ತಟ್ಟೆ ಬಿಸಾಡಿ ಎಲ್ಲರೂ ಎದ್ದರು. ಕುರ್ಚಿ ಮಡಚುವ ಹುಡುಗರು ಮಡಚಿದರು, ಬಟ್ಟೆ ಮಡಚುವವರು ಮಡಚಿದರು, ನಾನು ಹೊತ್ತೆ. ಮಾತಾಡಿಕೊಂಡೇ, ನಗಾಡಿಕೊಂಡೇ. ಬೈ ಬೈ ಎಂದು ಹೊರಟೆವು.

ಓಕ್‌ವಿಲ್ ತಲುಪಿ ವ್ಯಾನಿನ ಹಿಂಬಾಗಿಲು ತೆಗೆದಾಗ ಶಿಲುಬೆ ಒರಗಿಕೊಂಡಿತ್ತು. ಪಕ್ಕದಲ್ಲಿ ಕೀಬೋರ್ಡು, ಡಬ್ಬಗಳು, ಬಟ್ಟೆಯ ಗಂಟು. ಹೆಂಡತಿ ಇನ್ನೂ ತಟ್ಟೆಯನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದಳು. ಅವಳೂ ತಿರುಗಿ ಹಿಂದೆ ನೋಡಿದಳು. ಆಮೇಲೆ ಅವಳಿಗೆ ನಗು ಶುರುವಾಗಿ ನಿಲ್ಲಲೇ ಇಲ್ಲ. ನಮ್ಮದೇ ಸ್ವಂತ ಚರ್ಚನ್ನು ನಾವೇ ಖಾಲಿ ಮಾಡಿಕೊಂಡು ಬಂದಿದ್ದೆವು.

ಅಯ್ಯನವರಿಗೆ ಫೋನ್ ಮಾಡಿದೆ. ಅವರೂ ನಕ್ಕು ನಕ್ಕು, ಕೊನೆಗೆ ಮೆಲ್ಲಗೆ ಕೇಳಿದರು. "ಬೀಗ ಹಾಕಿದ್ರಿ ತಾನೇ?"

ಹಾಕಿರಲಿಲ್ಲ. ಹಾಗೇ ವ್ಯಾನು ತಿರುಗಿಸಿ ವಾಪಸ್ ಓಡಿಸಿದೆ. ದಾರಿಯುದ್ದಕ್ಕೂ ಕಳ್ಳರು, ಬೆಂಕಿ, ಪೊಲೀಸು ಎಲ್ಲ ಕಣ್ಣ ಮುಂದೆ ಬಂದವು. ಕದಿಯುವುದಕ್ಕೆ ಒಳಗೆ ಏನಿದೆ, ಎಲ್ಲ ಇಲ್ಲೇ ಇದೆಯಲ್ಲ, ಎಂದಳು ಹೆಂಡತಿ.

ನಿಜಕ್ಕೂ ಒಳಗೆ ಏನೂ ಆಗಿರಲಿಲ್ಲ. ಗೋಡೆಗೆ ಒರಗಿಸಿದ ಕುರ್ಚಿಗಳು, ಕಿಟಕಿಯ ಬಿಸಿಲು. ಶಿಲುಬೆ ನಿಲ್ಲಿಸಿದೆ, ಅವಳು ಬಟ್ಟೆ ಹಾಸಿದಳು. ಕುರ್ಚಿಗಳನ್ನೂ ನಾನೇ ಬಿಡಿಸಿ ಸಾಲಾಗಿ ಇಟ್ಟೆ. ಇಷ್ಟು ವರ್ಷ ನಾನು ಕೂರುತ್ತಿದ್ದದ್ದು ಕಡೇ ಸಾಲಿನಲ್ಲಿ, ವ್ಯಾನು ಬಾಗಿಲ ಹತ್ತಿರ ತರಲು ಅನುಕೂಲವಾಗಲಿ ಎಂದು. ಅವತ್ತು ದೊಡ್ಡಮ್ಮನ ಕುರ್ಚಿಯಲ್ಲಿ, ಮುಂದೆಯೇ ಕೂತೆ. ಯಾವುದನ್ನೂ ಎತ್ತಬೇಕಾಗಿರಲಿಲ್ಲ. ಜೇಬಿನಲ್ಲಿದ್ದ ಬೀಗದ ಕೈ ತೊಡೆಗೆ ಒತ್ತುತ್ತಿತ್ತು.

"ಹೋಗೋಣ್ವಾ?" ಎಂದಳು ಹೆಂಡತಿ.

ಇನ್ನೊಂದು ಸ್ವಲ್ಪ ಹೊತ್ತು ಇರೋಣ, ಬಾ ಕೂತ್ಕೋ, ಎಂದೆ.